ಆಯಿಯ ಮೊಸರಿನ ವಂಶಾವಳಿ

ನಮ್ಮಪ್ಪ ತಮ್ಮ ಆಯುಷ್ಯದಲ್ಲಿ ತೊಳೆದದ್ದು ಒಂದೇ ಒಂದು ಪಾತ್ರೆ. ಅದರಿಂದ ಒಂದು ವಂಶವೇ ನಿರ್ವಂಶವಾಯಿತು.

ನಾನು ರೋಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದ ಹೊಸತು. ಇಟಗಿಯಲ್ಲಿ ನೆಂಟರ ಮನೆಯ ಮದುವೆ ಇತ್ತು. ಆಯಿ, ಅಂದರೆ ಅಪ್ಪನ ತಾಯಿ, ಮತ್ತೆ ಅವ್ವ, ನಾನು ಹೋಗಿದ್ದೆವು. ಬೀಜ-ಗೊಬ್ಬರದ ಅಂಗಡಿ ಬಿಟ್ಟು ಬರಲಾಗದೆ ಅಪ್ಪ ಒಬ್ಬರೇ ಮನೆಯಲ್ಲಿ ಉಳಿದಿದ್ದರು. ನಾವು ತಿರುಗಿ ಬಂದಾಗ ಅವರು ಹೊಸ್ತಿಲಲ್ಲೇ ನಿಂತು, ಪ್ರಶಸ್ತಿ ಬಂದವರ ಮುಖ ಮಾಡಿಕೊಂಡು, "ಅಡಗಿಮನಿ ನೋಡ ಹೋಗ್ರಿ, ಹ್ಯಾಂಗ ಕನ್ನಡಿ ಆಗೇತಿ" ಎಂದರು. ಹೋಗಿ ನೋಡಿದೆವು. ಆಯಿಯ ಮೊಸರಿನ ಗಡಿಗೆ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು.

"ತಳದಾಗ ಒಂದೀಟು ಹಳೀ ಮಸರು ಹುಳಿ ವಾಸನಿ ಹೊಡ್ಯಾಕತ್ತಿತ್ತು," ಎಂದರು ಅಪ್ಪ. "ಸಬಕಾರದ ಪುಡಿ ಹಾಕಿ ತಿಕ್ಕಿ, ಕುದಿನೀರಾಗ ತೊಳದು, ಬಿಸಲಿಗೆ ಇಟ್ಟ ತಗದೀನಿ."

ಒಂದು ಜೀವಿಯನ್ನು ಬೇರುಸಹಿತ ಮುಗಿಸಲು ಇದಕ್ಕಿಂತ ಕ್ರಮಬದ್ಧವಾದ ವಿಧಾನ ಯಾವ ಪ್ರಯೋಗಾಲಯದಲ್ಲೂ ಇರಲಿಕ್ಕಿಲ್ಲ. ಹೋಗುವಾಗ ಆಯಿ ಅಪ್ಪನಿಗೆ, ದಿನಾ ಸಂಜೆ ಗಡಿಗೆಗೆ ಒಂದು ಲೋಟ ಉಗುರುಬೆಚ್ಚಗಿನ ಹಾಲು ಹಾಕು, ಹೆಪ್ಪು ಸಾಯಬಾರದು ಎಂದು ಹೇಳಿದ್ದಳು. ಅಪ್ಪ ಮೊಬೈಲು ನೋಡುತ್ತ "ಹೂಂ, ಹೂಂ" ಎಂದಿದ್ದರು. ಆ ಎರಡು ಹೂಂಗಳಿಗೆ ಅರ್ಥವೇ ಇರಲಿಲ್ಲ ಎಂಬುದು ಈಗ ಗೊತ್ತಾಯಿತು.

ಆಯಿ ಬೈಯಲಿಲ್ಲ. ಅವಳು ಬೈದರೆ ನಮ್ಮ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದೇ ಲೆಕ್ಕ. ಬೈಯದೆ ಗಡಿಗೆಯನ್ನು ಎತ್ತಿ, ಒಳಗೆ ಮೂಗು ಇಟ್ಟು ಮೂಸಿ, ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಅಪ್ಪನ ಮುಖದ ಪ್ರಶಸ್ತಿ ಅಲ್ಲಿಯೇ ಇಳಿದು ಹೋಯಿತು.

ಆ ಹೆಪ್ಪು ಆಯಿ ಮದುವೆಯಾಗಿ ಸೂಡಿಯಿಂದ ರೋಣಕ್ಕೆ ಬರುವಾಗ ಅವಳ ಅವ್ವ ಕುಡಿಕೆಯಲ್ಲಿ ಹಾಕಿ ಕೊಟ್ಟದ್ದು. ಅಂದಿನಿಂದ ನಿನ್ನೆಯ ಮೊಸರಿನಿಂದ ಇಂದಿನದು, ಇಂದಿನದರಿಂದ ನಾಳಿನದು, ಎಲ್ಲೂ ಕಡಿಯದೆ ನಡೆದುಬಂದಿತ್ತು. ಆಯಿಯ ಅವ್ವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಒಂದು ಫೋಟೋ ಇರಲಿಲ್ಲ. ಸೀರೆಗಳು ಹರಿದು ಕೌದಿಯಾಗಿ, ಆ ಕೌದಿಗಳೂ ಹರಿದು ಹೋಗಿದ್ದವು. "ನಮ್ಮವ್ವಂದು ಅಂತ ಈ ಭೂಮಿ ಮ್ಯಾಲ ಉಳದದ್ದು ಇದೊಂದ" ಎಂದು ಆಯಿ ಆ ಮೊಸರನ್ನು ತೋರಿಸಿ ಬಂದವರಿಗೆಲ್ಲ ಹೇಳುತ್ತಿದ್ದಳು. ಈಗ ಅದೂ ಮೋರಿಯಲ್ಲಿ ಹರಿದುಹೋಗಿತ್ತು.

ಓಣಿಯ ನಾಲ್ಕಾರು ಮನೆಯವರು ತಮ್ಮ ತಮ್ಮ ಹೆಪ್ಪು ತಂದುಕೊಟ್ಟರು. ಆಯಿ ಎಲ್ಲರ ಮೊಸರನ್ನೂ ಬೆರಳ ತುದಿಯಲ್ಲಿ ನೆಕ್ಕಿ ನೋಡಿ, "ಇದು ಮಸರಲ್ಲವಾ, ಹಾಲಿನ ಸಿಟ್ಟು" ಎಂದು ಸರಿಸಿಟ್ಟಳು. ಊಟದ ಕೊನೆಗೆ ಮೊಸರನ್ನ ಉಣ್ಣದೆ ಬರೀ ನೀರು ಕುಡಿದು ಏಳತೊಡಗಿದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ತಾಯಿ ಇನ್ನೊಂದು ಸಲ ಸತ್ತಂತೆ ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲೂ ಇಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನನಗೆ ಕಂಡದ್ದನ್ನೆಲ್ಲ ಗುಂಪು ಮಾಡುವ ಚಟ. ಬಸ್ಸಿನಲ್ಲಿ ಕೂತರೆ, ಕಿಟಕಿ ತೆಗೆಯುವವರು, ಕಿಟಕಿ ಮುಚ್ಚುವವರು, ಇಬ್ಬರ ಜಗಳ ನೋಡುವವರು ಎಂದು ಪ್ರಯಾಣಿಕರನ್ನು ವಿಂಗಡಿಸುತ್ತೇನೆ. ಆ ವಾರ ಎಂಟನೆಯ ತರಗತಿಗೆ ಜೀವಿಗಳ ವರ್ಗೀಕರಣ ಕಲಿಸುತ್ತಿದ್ದೆ. ಹುಡುಗರನ್ನು ಶಾಲೆಯ ಹಿಂದಿನ ಬಯಲಿಗೆ ಬಿಟ್ಟು, ಕಂಡ ಜೀವಿಗಳನ್ನೆಲ್ಲ ನಿಮಗೆ ತಿಳಿದ ಹಾಗೆ ಗುಂಪು ಮಾಡಿ ತನ್ನಿ ಎಂದೆ. ಒಂದು ತಂಡ ಮೂರು ಗುಂಪು ಮಾಡಿಕೊಂಡು ಬಂತು: ಕಡಿಯುವಂಥವು, ಕಡಿಯದಂಥವು, ಕಡಿದ ಮೇಲೆ ಗೊತ್ತಾಗುವಂಥವು. ಮೊದಲು ಸಿಟ್ಟು ಬಂತು. ಆಮೇಲೆ ಆಲೋಚಿಸಿದರೆ ಅದೇ ಎಲ್ಲಕ್ಕಿಂತ ಉಪಯೋಗದ ವರ್ಗೀಕರಣ ಅನಿಸಿ, ಆ ತಂಡಕ್ಕೇ ಚಪ್ಪಾಳೆ ಹೊಡೆಸಿದೆ.

ಮರುದಿನ ಸೂಕ್ಷ್ಮಜೀವಿಗಳ ಪಾಠ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಗೂ ಒಂದು ಪ್ರತ್ಯೇಕ ಸಾಮ್ರಾಜ್ಯವಿದೆ, ಅವು ಗಿಡವೂ ಅಲ್ಲ ಪ್ರಾಣಿಯೂ ಅಲ್ಲ, ನಿಮ್ಮ ಮನೆಯ ಮೊಸರಿನಲ್ಲಿ ಒಕ್ಕಲು ಕೂತಿವೆ ಎಂದು ಹೇಳುತ್ತ, "ಜೀವಿ ಜೀವಿಯಿಂದಲೇ ಹುಟ್ಟುತ್ತದೆ. ಹೆಪ್ಪು ಹೆಪ್ಪಿನಿಂದಲೇ" ಎಂದು ಬೋರ್ಡಿನ ಮೇಲೆ ಬರೆದೆ. ಬರೆದವಳೇ ನಿಂತುಬಿಟ್ಟೆ. ಒಂದು ಊರಿನಲ್ಲಿ ಗುಬ್ಬಿ ಕಾಣೆಯಾದರೆ ಗುಬ್ಬಿಯ ಜಾತಿಯೇ ಅಳಿದ ಹಾಗಾಗುತ್ತದೆಯೇ? ಇನ್ನೊಂದು ಊರಿನಲ್ಲಿ ಇರಬಹುದಲ್ಲ! ಆಯಿ ಇಷ್ಟು ವರ್ಷ ಎಷ್ಟು ಜನರಿಗೆ ಹೆಪ್ಪು ಕೊಟ್ಟಿಲ್ಲ? ಆ ಮನೆಗಳಲ್ಲಿ ಆಯಿಯ ಅವ್ವನ ಮೊಸರಿನ ಮಕ್ಕಳು ಮೊಮ್ಮಕ್ಕಳು ಇನ್ನೂ ಬದುಕಿರಬೇಕಲ್ಲ! ನಾನು ತರಗತಿಯಲ್ಲೇ ಒಂದು ಸಲ ಎಗರಿಬಿಟ್ಟೆ. ಹುಡುಗರು ಹೋ ಎಂದು ನಕ್ಕರು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ನಗದೆ ಕೈ ಎತ್ತಿದಳು. "ಹೆಪ್ಪು ಹೆಪ್ಪಿನಿಂದನ ಆಗೂದಂದ್ರ, ಮೊದಲನೇ ಮಸರಿಗೆ ಹೆಪ್ಪ ಯಾರ ಕೊಟ್ರಿ ಅಕ್ಕಾರ?"

"ಅದು ಹತ್ತನೇ ತರಗತಿಯಲ್ಲಿ ಬರುತ್ತದೆ" ಎಂದೆ. ಹತ್ತನೆಯ ತರಗತಿಯಲ್ಲಿ ಬರುವುದಿಲ್ಲ. ಉತ್ತರ ಗೊತ್ತಿಲ್ಲದಾಗ ನಮ್ಮಂಥವರು ಮಕ್ಕಳನ್ನು ಮುಂದಿನ ತರಗತಿಗೆ ಕಳಿಸಿಬಿಡುತ್ತೇವೆ.

ಸಂಜೆ ಮನೆಗೆ ಬಂದವಳೇ ಇದ್ದಿಲು ತೆಗೆದುಕೊಂಡು ಹಿತ್ತಲ ಗೋಡೆಯ ಮೇಲೆ ಮರ ಬರೆಯಲು ಶುರುಮಾಡಿದೆ. ಬುಡದಲ್ಲಿ ಸೂಡಿ, ಆಯಿಯ ಅವ್ವ. ಕಾಂಡ ರೋಣಕ್ಕೆ ಬರುತ್ತದೆ, ಆಯಿ. ಅಲ್ಲಿಂದ ಕೊಂಬೆಗಳು. ಆಯಿಯನ್ನು ಎದುರಿಗೆ ಕೂರಿಸಿಕೊಂಡು ಯಾರಿಗೆಲ್ಲ ಹೆಪ್ಪು ಕೊಟ್ಟಿದ್ದಿ ಎಂದು ಕೇಳುತ್ತ ಹೋದೆ. ಬಹಳಷ್ಟು ಕೊಂಬೆಗಳು ಒಣಗಿದ್ದವು. ಒಬ್ಬರು ಊರು ಬಿಟ್ಟಿದ್ದರು, ಒಬ್ಬರು ಪಾಕೀಟಿನ ಮೊಸರಿಗೆ ಮರುಳಾಗಿದ್ದರು. ಕೊನೆಗೆ ಎರಡು ಕೊಂಬೆ ಹಸಿರಾಗಿ ಉಳಿದವು. ಒಂದು ನರಗುಂದಕ್ಕೆ ಕೊಟ್ಟ ಆಯಿಯ ಮಗಳು, ನನ್ನ ಸೋದರತ್ತೆ. ಇನ್ನೊಂದು ಗಜೇಂದ್ರಗಡದ ಖಾಲಾ, ಉರ್ದುವಿನಲ್ಲಿ ಚಿಕ್ಕಮ್ಮ. ಖಾಲಾ ನಮ್ಮ ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದವಳು, ಗಜೇಂದ್ರಗಡದ ಬಳೆ ವ್ಯಾಪಾರದ ಮನೆತನಕ್ಕೆ ಸೊಸೆಯಾಗಿ ಹೋಗುವಾಗ ಆಯಿಯ ಕೈಯಿಂದ ಹೆಪ್ಪು ಒಯ್ದಿದ್ದಳು. ರೋಣದ ಕಾಂಡ ಮುರಿದ ಜಾಗದಲ್ಲಿ ನಾನು ಒಂದು ದೊಡ್ಡ ಗುಣಿಸು ಗುರುತು ಹಾಕಿ, 'ಇಲ್ಲಿ ಅಪ್ಪ ತೊಳೆದರು' ಎಂದು ಬರೆದೆ.

ಅಪ್ಪ ಅದನ್ನು ಓದಿ, "ಗ್ವಾಡಿಗೆ ಸುಣ್ಣ ಹಚ್ಚಿಸಿ ಇನ್ನೂ ವರ್ಷ ಆಗಿಲ್ಲ" ಎಂದಷ್ಟೇ ಹೇಳಿದರು.

"ಸಿಗತೈತೇನವಾ ಖರೇನ?" ಎಂದಳು ಆಯಿ. ನಾನು ಸಿಕ್ಕೇ ಸಿಗತೈತಿ ಎಂದೆ. ಅವಳು ಗಡಿಗೆಯನ್ನು ಮಡಿಲಿಂದ ಕೆಳಗಿಳಿಸಿದಳು. ಈಗ ಹಿಂದೆ ಸರಿಯುವಂತಿರಲಿಲ್ಲ.

ಮೊದಲ ಯಾತ್ರೆ ಸೂಡಿಗೆ. ಆಯಿ ಸ್ಕೂಟಿಯ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದರಲ್ಲಿ ಖಾಲಿ ಕುಡಿಕೆಯ ಚೀಲ ಹಿಡಿದು, ಎದುರು ಬಂದ ಪ್ರತಿ ಟ್ರ್ಯಾಕ್ಟರಿಗೂ "ನಿಲ್ಲಪಾ, ನಾವು ಹೋಗೂ ತನಕ ನಿಲ್ಲು" ಎನ್ನುತ್ತ ಬಂದಳು. ಮರದ ಬುಡದಲ್ಲೇ ಹೆಪ್ಪು ಸಿಕ್ಕಿಬಿಟ್ಟರೆ ಕೊಂಬೆಗಳ ಗೊಡವೆಯೇ ಬೇಡ ಎಂಬುದು ನನ್ನ ಲೆಕ್ಕ. ಆದರೆ ಆಯಿಯ ತವರುಮನೆಯಲ್ಲಿ ಈಗ ಅವಳ ಅಣ್ಣನ ಮಗನ ಸಂಸಾರ. ಅವನು ಫ್ರಿಜ್ಜಿನಿಂದ ಪಾಕೀಟೊಂದನ್ನು ತೆಗೆದು ತೋರಿಸಿ, "ಹೆಪ್ಪು ಯಾರ ಹಾಕ್ತಾರ ಬಿಡತ್ತಿ ಈಗ, ಇದ ಭಾಳ ಲಗೂ" ಎಂದ. ಆಯಿ ಅಡುಗೆಮನೆಯ ಮೂಲೆಯನ್ನೊಮ್ಮೆ ನೋಡಿ, "ಇಲ್ಲೆ ಕುಂದರತಿದ್ಲು ನಮ್ಮವ್ವ" ಎಂದಳು. ಅಲ್ಲಿ ಗ್ಯಾಸಿನ ಸಿಲಿಂಡರು ಕೂತಿತ್ತು. ನಾವು ಚಹಾ ಕುಡಿದು ಎದ್ದೆವು.

ಅಲ್ಲಿಂದ ಗಜೇಂದ್ರಗಡ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡ ಕೂಡಲೇ ಆಯಿಗೆ ಹುರುಪು ಬಂತು. ಖಾಲಾ ಬಾಗಿಲಲ್ಲೇ ಆಯಿಯನ್ನು ತಬ್ಬಿಕೊಂಡು, ಇಬ್ಬರೂ ಒಬ್ಬರ ಮುಖ ಒಬ್ಬರು ಸವರಿಕೊಂಡು, ಯಾರು ಹೆಚ್ಚು ಮುದುಕಿಯಾಗಿದ್ದಾರೆ ಎಂದು ವಾದ ಮಾಡಿದರು. ಹೆಪ್ಪಿನ ಸುದ್ದಿ ಕೇಳಿ ಖಾಲಾ ಎದೆ ಮುಟ್ಟಿಕೊಂಡಳು.

"ನಿನ್ನ ಹೆಪ್ಪು ಒಂದಿನಾನೂ ಬಿಟ್ಟಿಲ್ಲಕ್ಕಾ. ರೋಜಾದಾಗೂ ಬಿಟ್ಟಿಲ್ಲ. ಆದರ ಅದು ನಮ್ಮ ಮನಿಗೆ ಬಂದು ಬಿರ್ಯಾನಿ ಜೋಡಿ ಉಣ್ಣೂದು ಕಲ್ತೈತಿ ನೋಡು. ಈಗ ಎಮ್ಮಿ ಇಲ್ಲ, ಆಕಳ ಹಾಲು."

ನನಗೆ ಕುಣಿಯುವಂತಾಯಿತು. ವಿಕಾಸವಾದವೆಂದರೆ ಇದೇ ಅಲ್ಲವೇ! ಒಂದೇ ಮೂಲದ ಜೀವಿಗಳು ಬೇರೆ ಬೇರೆ ನೆಲಕ್ಕೆ ಹೋಗಿ, ಅಲ್ಲಿಯ ಹಾಲು, ಅಲ್ಲಿಯ ಸೆಕೆ, ಅಲ್ಲಿಯ ಪಾತ್ರೆಗೆ ತಕ್ಕಂತೆ ತಲೆಮಾರಿನಿಂದ ತಲೆಮಾರಿಗೆ ಚೂರು ಚೂರೇ ಬದಲಾಗುತ್ತ ಹೋಗುವುದು. ಮನುಷ್ಯರ ಒಂದು ತಲೆಮಾರು ಮುಗಿಯುವಷ್ಟರಲ್ಲಿ ಮೊಸರಿನಲ್ಲಿ ಲೆಕ್ಕವಿಲ್ಲದಷ್ಟು ತಲೆಮಾರು ಹುಟ್ಟಿ ಮುಗಿದಿರುತ್ತವೆ. ಇದನ್ನೆಲ್ಲ ಖಾಲಾಗೆ ಕೈ ತಿರುವಿ ತಿರುವಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಈಕಿಗೆ ಮದುವಿ ಯಾವಾಗ ಮಾಡ್ತೀರಿ?" ಎಂದು ಆಯಿಯನ್ನು ಕೇಳಿದಳು.

ಆಯಿ ಅಲ್ಲಿಯೇ ಒಂದು ಚಮಚ ರುಚಿ ನೋಡಲು ಹೊರಟಳು. ನಾನು ಕೈ ಹಿಡಿದೆ. ಪರೀಕ್ಷೆಗೆ ಮೊದಲು ಪ್ರಶ್ನೆಪತ್ರಿಕೆ ನೋಡುವಂತಿಲ್ಲ ಎಂದೆ. ಖಾಲಾಳ ಮೊಸರು ಎಂದು ಗೊತ್ತಿದ್ದರೆ ಆಯಿಯ ನಾಲಿಗೆ ಖಾಲಾಳ ಕಡೆಯೇ ಸಾಕ್ಷಿ ಹೇಳುತ್ತದೆ. ವಿಜ್ಞಾನದಲ್ಲಿ ಮುಖ ನೋಡಿ ಮಣೆ ಹಾಕುವ ಹಾಗಿಲ್ಲ. ಎರಡೂ ಕೊಂಬೆಯ ಹೆಪ್ಪು ತಂದು ಹೆಸರು ಹೇಳದೆ ರುಚಿ ನೋಡಿಸಬೇಕೆಂದು, ಖಾಲಾ ಕೊಟ್ಟದ್ದನ್ನು ಕುಡಿಕೆಯಲ್ಲಿ ಮುಚ್ಚಿಕೊಂಡು ಬಂದೆವು.

ಎರಡನೆಯ ಯಾತ್ರೆ ನರಗುಂದಕ್ಕೆ, ಬಸ್ಸಿನಲ್ಲಿ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಇನ್ನೊಂದು ಬಸ್ಸು ಬರುವ ತನಕ ನಾವು ಎರೆಹೊಲದ ಬದುವಿನ ಮೇಲೆ ಕೂತು ಕಡಲೆಗಿಡ ಕಿತ್ತು ತಿಂದೆವು. ಅತ್ತೆಯ ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಅತ್ತೆ ಖುಷಿಯಿಂದ ಕಾಲಿಗೆ ನೀರು ಕೊಟ್ಟಳು, ಊಟಕ್ಕೆ ಎಬ್ಬಿಸಿದಳು, ಎಲ್ಲ ಮಾಡಿದಳು. ಹೆಪ್ಪು ಕೇಳಿದ ಕೂಡಲೇ ಮಾತ್ರ ದೇವರ ಮನೆಯ ಕಡೆ ನೋಡಿ ಗಕ್ಕನೆ ನಿಂತಳು.

"ದೀಪಾ ಹಚ್ಚೀನಲ್ಲ ಯವ್ವಾ, ಈಗ ಹ್ಯಾಂಗ ಕೊಡಲಿ?"

"ನಾ ನಿಮ್ಮವ್ವ ಅದೀನಿ," ಎಂದಳು ಆಯಿ.

"ನೀನ ಕಲಿಸಿದ್ದು. ದೀಪಾ ಹಚ್ಚಿದ ಮ್ಯಾಲ ಉಪ್ಪು, ಸೂಜಿ, ಮಸರು ಮನಿಯಿಂದ ಹೊರಗ ಕೊಟ್ರ ಲಕ್ಷ್ಮಿ ಎದ್ದು ಹೋಗ್ತಾಳ ಅಂತ."

ಆಯಿ ತಾನು ತೋಡಿದ ಹಳ್ಳದಲ್ಲಿ ತಾನೇ ಬಿದ್ದಿದ್ದಳು. ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಬುದ್ಧಿವಂತಿಕೆಯಿಂದ, "ಅತ್ತಿ, ದೀಪಾ ಒಂದು ಸಲ ಆರಿಸಿ, ಹೆಪ್ಪು ಕೊಟ್ಟು, ಮತ್ತ ಹಚ್ಚಿಬಿಡು" ಎಂದೆ. ತಾಯಿ ಮಗಳು ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದ ನೋಟ ಈಗಲೂ ನನ್ನ ಬೆನ್ನಿನಲ್ಲಿದೆ. ಆ ದಿನ ಅಲ್ಲಿಯೇ ಉಳಿದು, ಬೆಳಿಗ್ಗೆ ಅಂಗಳ ಗುಡಿಸಿ ರಂಗೋಲಿ ಹಾಕಿದ ಮೇಲೆ ಅತ್ತೆ ಕೊಟ್ಟ ಹೆಪ್ಪನ್ನು ಸ್ಟೀಲು ಡಬ್ಬಿಯಲ್ಲಿ ಹಿಡಿದು ರೋಣದ ಬಸ್ಸು ಹತ್ತಿದೆವು.

ಇನ್ನು ಪ್ರಯೋಗ. ಶಾಲೆಯಲ್ಲಿ ನಾನು ಪುಸ್ತಕದಲ್ಲಿ ಬರೆದದ್ದನ್ನು ಓದಿ ಹೇಳುತ್ತಿದ್ದೆ, ಅಷ್ಟೇ. ನಿಜವಾದ ಪ್ರಶ್ನೆಯೊಂದಕ್ಕೆ ಉತ್ತರ ಗೊತ್ತಿಲ್ಲದೆ ಮಾಡುವ ಪ್ರಯೋಗ ಇದೇ ಮೊದಲನೆಯದು. ಸಂಜೆಯಿಂದ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಕುಂಬಾರರಲ್ಲಿ ಒಂದೇ ಅಳತೆಯ ಐದು ಕುಡಿಕೆ ತಂದೆ. ಒಂದೇ ಎಮ್ಮೆಯ ಹಾಲು, ಒಂದೇ ಪಾತ್ರೆಯಲ್ಲಿ ಕಾಸಿ, ಕಿರುಬೆರಳು ಇಟ್ಟರೆ ಹಿತವೆನ್ನಿಸುವಷ್ಟು ಆರಿಸಿ, ಐದಕ್ಕೂ ಸಮನಾಗಿ ಹಾಕಿದೆ. ಎಲ್ಲ ಒಂದೇ ಇದ್ದು ಒಂದೇ ಒಂದು ಬೇರೆಯಿದ್ದರೆ ಮಾತ್ರ ಪ್ರಯೋಗ. ಇಲ್ಲಿ ಬೇರೆಯಿದ್ದದ್ದು ಹೆಪ್ಪು. ಕೆಂಪು ದಾರ ಕಟ್ಟಿದ ಕುಡಿಕೆಗೆ ನರಗುಂದದ್ದು, ಹಸಿರಿಗೆ ಗಜೇಂದ್ರಗಡದ್ದು, ಹಳದಿಗೆ ಪಕ್ಕದ ಮನೆಯದು, ನೀಲಿಗೆ ಅಂಗಡಿಯ ಪಾಕೀಟಿನದು. ಬಿಳಿ ದಾರದ ಕುಡಿಕೆಗೆ ಏನೂ ಹಾಕಲಿಲ್ಲ. ಅದು ಬೆಳಿಗ್ಗೆ ಹಾಲಾಗಿಯೇ ಉಳಿಯಬೇಕು. ಆಗಲೇ ಉಳಿದವು ಹೆಪ್ಪಾದದ್ದು ನಾನು ಹಾಕಿದ ಹೆಪ್ಪಿನಿಂದ, ಗಾಳಿಯಿಂದಲ್ಲ ಎಂದು ಗಟ್ಟಿಯಾಗಿ ಹೇಳಲು ಬರುತ್ತದೆ. ಯಾವ ಬಣ್ಣ ಯಾವ ಊರು ಎಂದು ನನ್ನ ಹೊರತು ಯಾರಿಗೂ ತಿಳಿಸಲಿಲ್ಲ. ಐದನ್ನೂ ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಸಾಲಾಗಿ ಇಟ್ಟು, ಕೌದಿ ಹೊದಿಸಿ ಮಲಗಿದೆ.

ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿ ಸೇರಿದರು. ಆಯಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮಣೆಯ ಮೇಲೆ ಕೂತಿದ್ದಳು. ಅಪ್ಪ ಅಂಗಡಿಗೆ ಹೋಗದೆ ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಒಂದೊಂದೇ ಮುಚ್ಚಳ ತೆಗೆದೆ. ಕೆಂಪು, ಹೆಪ್ಪಾಗಿತ್ತು. ಹಸಿರು, ಹಳದಿ, ನೀಲಿ, ಎಲ್ಲ ಹೆಪ್ಪಾಗಿದ್ದವು. ಬಿಳಿ ದಾರದ ಮುಚ್ಚಳ ತೆಗೆದೆ. ಅದೂ ಹೆಪ್ಪಾಗಿತ್ತು.

ನನ್ನ ಮೈಯಲ್ಲಿ ಮಿಂಚು ಹರಿಯಿತು. ಹಿಂದಿನ ಕಾಲದ ಜನ ಕೊಳೆತ ಮಾಂಸದಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ ಎಂದು ನಂಬಿದ್ದರು, ಆಮೇಲೆ ಅದು ಸುಳ್ಳೆಂದು ಪ್ರಯೋಗ ಮಾಡಿ ತೋರಿಸಿದರು, ಅದನ್ನೇ ನಾನು ಮಕ್ಕಳಿಗೆ ಹೇಳಿದ್ದೆ. ಇಲ್ಲಿ ನೋಡಿದರೆ ರೋಣದಲ್ಲಿ, ನಮ್ಮ ಒಲೆಯ ಪಕ್ಕ, ಏನೂ ಹಾಕದ ಹಾಲಿನಲ್ಲಿ ಜೀವ ತಾನಾಗಿಯೇ ಹುಟ್ಟಿಬಿಟ್ಟಿದೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಯಾವ ಸೀರೆ ಉಟ್ಟು ಸನ್ಮಾನ ಮಾಡಿಸಿಕೊಳ್ಳುವುದು ಎನ್ನುವ ತನಕ ಹೋಗಿಬಿಟ್ಟಿದ್ದೆ. ಅಷ್ಟರಲ್ಲಿ ಆಯಿ ಚಮಚ ಹಿಡಿದು ಕೆಲಸ ಶುರುಮಾಡಿಯಾಗಿತ್ತು.

ಕೆಂಪು ದಾರದ್ದನ್ನು ಬಾಯಿಗಿಟ್ಟು ಕಣ್ಣು ಕಿವುಚಿದಳು. "ಅಬ್ಬಾ, ಈಕಿ ಬಾಯಿ ಜೋರೈತಿ." ನರಗುಂದದ ಅತ್ತೆಯ ಬಾಯಿಯೂ ಜೋರೇ ಎಂದು ಅಪ್ಪ ಆಮೇಲೆ ಹೇಳಿದರು. ಹಸಿರಿಗೆ ತುಸು ಹೊತ್ತು ತೆಗೆದುಕೊಂಡು, "ಚಲೋ ಐತಿ, ಎಲ್ಲೋ ನೋಡೀನಿ ಅನಸ್ತೈತಿ, ಆದರ ಇದಲ್ಲ" ಎಂದಳು. ಹಳದಿಯನ್ನು ಮಾತಿಲ್ಲದೆ ದಾಟಿದಳು. ನೀಲಿಗೆ, "ಇದಕ್ಕ ತವರುಮನೀನ ಇಲ್ಲ" ಎಂದಳು. ಬಿಳಿಯದಕ್ಕೆ ಬಂದಳು. ಅದು ಉಳಿದವಕ್ಕಿಂತ ತುಸು ತೆಳ್ಳಗಿತ್ತು. ಒಂದು ಚಮಚ ಬಾಯಿಗಿಟ್ಟು ಹಾಗೆಯೇ ಕೂತಳು. ಇನ್ನೊಂದು ಚಮಚ ತೆಗೆದುಕೊಂಡಳು. ಕಣ್ಣಲ್ಲಿ ನೀರು ತುಂಬಿ ಹರಿಯತೊಡಗಿತು.

"ಇದು. ಇದ ನಮ್ಮವ್ವನ ಮಸರು."

"ನೋಡ್ರಿ, 'ತೊಳದ, ತೊಳದ' ಅಂತ ನನಗ ಅಂತಿದ್ರಿ," ಎಂದು ಅಪ್ಪ ಚಪ್ಪಾಳೆ ಹೊಡೆದರು. "ಏನೂ ಹಾಳಾಗಿಲ್ಲ!"

ತಾನಾಗಿ ಜೀವ ಹುಟ್ಟಿದ್ದೇ ಒಂದು ಪವಾಡ, ಹುಟ್ಟಿದ್ದು ಹುಡುಕಿಕೊಂಡು ಬಂದು ಸೂಡಿಯ ಮೊಸರೇ ಆಗುವುದೆಂದರೆ? ಕುಡಿಕೆಯನ್ನು ಬೆಳಕಿಗೆ ಹಿಡಿದು ಚಮಚದಿಂದ ತಳ ಕೆದಕಿದೆ. ಹಸಿರು ಬಣ್ಣದ ಏನೋ ಮೇಲೆ ಬಂತು. ಹಸಿಮೆಣಸಿನಕಾಯಿಯ ತೊಟ್ಟು. ಕೆದಕಿದಂತೆ ಇನ್ನೂ ಮೂರು ಬಂದವು.

ಅವ್ವ ಒಲೆಯ ಕಡೆ ಮುಖ ತಿರುಗಿಸಿ, ಆರಿದ ಒಲೆಯ ಮೇಲಿನ ಖಾಲಿ ಪಾತ್ರೆಯನ್ನು ಸೌಟಿನಿಂದ ತಿರುವುತ್ತಿದ್ದಳು. ನಾನು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ.

"ಎಲ್ಲಾದಕ್ಕೂ ಹಾಕೀದಿ, ಒಂದ ಪಾಪ ಹಂಗ ಬಿಟ್ಟೀದಿ," ಎಂದಳು ಅವ್ವ. "ಮರತೀದಿ ಅಂದ್ಕೊಂಡ್ನಿ. ಕಾಸಿದ ಹಾಲು ಹಂಗ ಇಟ್ಟು ಮಲಗಾಕ ನನ್ನ ಜೀವ ಒಪ್ಪಲಿಲ್ಲವಾ. ಹೆಪ್ಪಿನ ಡಬ್ಬಿ ಮುಟ್ಟಿದ್ರ ನೀ ಬೈತಿ. ಅದಕ ಮುಶಿಗೇರಿ ಕಡೆ ನಮ್ಮವ್ವ ಮಾಡ್ತಿದ್ದಂಗ ನಾಕು ಮೆಣಸಿನಕಾಯಿ ತೊಟ್ಟು ಮುರದು ಹಾಕಿ ಮುಚ್ಚಿದ್ನಿ."

ಆಮೇಲೆ ಸಣ್ಣ ದನಿಯಲ್ಲಿ, "ಈ ಮನಿಗೆ ಬಂದಾಗಿನಿಂದ ನನಗ ಹೆಪ್ಪು ಹಾಕಾಕ ಒಂದ ಸಲಾನೂ ಕೊಟ್ಟಿಲ್ಲಲ್ಲ ನಿಮ್ಮ ಆಯಿ. ಕೈ ಕಡೀತಿತ್ತು" ಎಂದಳು.

ಹೆಪ್ಪಿಲ್ಲದ ಹಾಲನ್ನು ಕಂಡರೆ ತಡೆದುಕೊಳ್ಳಲಾಗದ ಹೆಂಗಸರಿರುವ ಮನೆಯಲ್ಲಿ ನಿಯಂತ್ರಿತ ಪ್ರಯೋಗ ಮಾಡುವುದು ಸಾಧ್ಯವಿಲ್ಲ ಎಂಬುದೇ ನನ್ನ ಮೊದಲ ಸಂಶೋಧನೆ. ಸನ್ಮಾನದ ಸೀರೆ ಮಡಚಿಟ್ಟೆ. ಆದರೆ ಈಗ ದೊಡ್ಡ ಸಂಕಟ ಎದುರಿಗಿತ್ತು. ಒಳಗೆ ಆಯಿ ತನ್ನ ಅವ್ವ ಸಿಕ್ಕಳೆಂದು ಅನ್ನಕ್ಕೆ ಮೊಸರು ಕಲಸಿಕೊಳ್ಳುತ್ತಿದ್ದಾಳೆ. ಸಿಕ್ಕದ್ದು ಅವಳ ಅವ್ವನದಲ್ಲ. ರೋಣದ ಸಂತೆಯ ಮೆಣಸಿನಕಾಯಿಯ ತೊಟ್ಟಿಗೆ ಅಂಟಿಕೊಂಡಿದ್ದ ಬ್ಯಾಕ್ಟೀರಿಯಾ. ಅವ್ವ ನನ್ನ ರಟ್ಟೆ ಚಿವುಟಿ, "ಸುಮ್ನಿರು, ಉಣ್ಣಲಿ" ಎಂದಳು. ಅಪ್ಪ ಕೂಡ ಬಂದು ಕೇಳಿಸಿಕೊಂಡು, "ಹೌದು, ಸುಮ್ನಿರು, ನನ್ನ ಸಲುವಾಗಿ ಆದರೂ" ಎಂದರು. ನನಗೂ ಹಾಗೆಯೇ ಅನಿಸಿತು. ಸುಮ್ಮನಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಅವಳ ಅವ್ವನ ವಿಷಯದಲ್ಲಿ ಅವಳಿಗೆ ಸುಳ್ಳು ಉಣಿಸುವುದು ನನ್ನಿಂದಾಗಲಿಲ್ಲ. ಅಲ್ಲದೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದು ಊರಿಗೇ ಗೊತ್ತು.

ಒಳಗೆ ಹೋಗಿ ಆಯಿಯ ಎದುರು ಕೂತು ಎಲ್ಲ ಹೇಳಿದೆ. ತೊಟ್ಟುಗಳನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಆಯಿ ತೊಟ್ಟುಗಳನ್ನು ನೋಡಿದಳು. ಕೈಯಲ್ಲಿಯ ತುತ್ತು ಕೈಯಲ್ಲೇ ಉಳಿಯಿತು. ಅವಳ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾಳೆ ಎಂದು ಕೈ ಹಿಡಿಯಲು ಹೋದೆ. ಆಯಿ ನಗುತ್ತಿದ್ದಳು. ದನಿಯೇ ಹೊರಡದಷ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೊಸ ಮದುಮಗಳ ಹಾಗೆ ನಗುತ್ತಿದ್ದಳು.

"ಹಳ್ಳದಾಗ ಹೋಗಿತ್ತವಾ ಅದು," ಎಂದಳು ಕಡೆಗೆ.

"ಯಾವುದು?"

"ನಮ್ಮವ್ವ ಕೊಟ್ಟ ಹೆಪ್ಪು. ಸೂಡಿಯಿಂದ ಚಕ್ಕಡಿ ಹೊಡಕೊಂಡು ಬರೂ ಮುಂದ ಹಳ್ಳದಾಗ ಗಾಲಿ ವಾಲಿತು. ನಾ ಗಟ್ಟಿ ಹಿಡಕೊಂಡಿದ್ದು ಸೀರಿ ಗಂಟು, ಕುಡಿಕಿ ಅಲ್ಲ. ಬುಳುಕ್ ಅಂತ ಹೋತು. ಮರುದಿನ ನಮ್ಮತ್ತಿ ಎಲ್ಲಾರ ಮುಂದ, ನಿಮ್ಮವ್ವ ಕೊಟ್ಟ ಹೆಪ್ಪು ಹಾಕು ನೋಡೂಣು ಅಂದ್ಲು. ಏನ ಹಾಕ್ಲಿ? ಮನ್ಯಾಗ ಹೆಪ್ಪು ತೀರಿದ್ರ ನಮ್ಮವ್ವ ಯಾರ ಬಾಗಿಲಿಗೂ ಹೋಗತಿದ್ದಿಲ್ಲ, ಮೆಣಸಿನಕಾಯಿ ತೊಟ್ಟು ಹಾಕತಿದ್ಲು. ನಾನೂ ಬುಟ್ಟ್ಯಾಗಿಂದು ಮುರದು ಹಾಕಿ ಬಿಟ್ನಿ. ನಮ್ಮತ್ತಿ ಉಂಡು, ಸೂಡಿ ಹೆಪ್ಪು ಭಾಳ ಚಲೋ ಐತಿ ಅಂತ ಓಣಿ ತುಂಬ ಹೇಳಿದ್ಲು. ಇನ್ನ ಹ್ಯಾಂಗ ಬಾಯಿ ಬಿಡಲಿ? ಮೊದಲು ಅಂಜಿಕಿ ಇತ್ತು, ಆಮ್ಯಾಲೆ ರೂಢಿ ಆತು, ಕಡೀಗೆ ನನಗೂ ಅದ ಖರೇ ಆತು. ಈಗ ಬಾಯಾಗ ಇಟ್ಟ ಕೂಡ್ಲೆ ಹಳ್ಳಾ, ಚಕ್ಕಡಿ, ಎಲ್ಲಾ ನೆನಪಾತು ನೋಡು."

ನಾನು ಹುಚ್ಚಿಯ ಹಾಗೆ ಎದ್ದು ಹಿತ್ತಲಿಗೆ ಓಡಿ, ಗೋಡೆಯ ಮೇಲಿನ ಮರದ ಬುಡವನ್ನು ಅಂಗೈಯಿಂದ ಒರೆಸಿ, ಸೂಡಿಯಿದ್ದ ಜಾಗದಲ್ಲಿ ಒಂದು ಮೆಣಸಿನ ಗಿಡ ಬರೆದೆ. ಎಲ್ಲ ಸರಿಹೊಂದಿತು. ನರಗುಂದದ ಮೊಸರೂ ಗಜೇಂದ್ರಗಡದ ಮೊಸರೂ ಆಯಿಯ ಆ ಮೊದಲ ಹೆಪ್ಪಿನ ಖರೇ ಸಂತಾನ, ಆದರೆ ಪರಸ್ಥಳದಲ್ಲಿ ಬಾಳಿ ಬದಲಾದಂಥವು. ಅವ್ವನದು ಬೇರೆಯೇ ವಂಶ, ಆದರೆ ಹುಟ್ಟಿದ್ದು ಅದೇ ರೀತಿ, ಅದಕ್ಕೇ ಮೊದಲಿನದರ ರುಚಿ. ಒಬ್ಬ ಮುದುಕಿಯ ಒಂದು ಬೆಳಗಿನ ನಾಲಿಗೆ ಯಾವುದಕ್ಕೂ ಪುರಾವೆಯಲ್ಲ ಎಂದು ಗೊತ್ತಿತ್ತು. ಆದರೂ ಇದ್ದಿಲು ಹಿಡಿದ ಕೈಯಲ್ಲೇ ಒಂದು ಸುತ್ತು ಕುಣಿದೆ. ಅಪ್ಪ ಕಿಟಕಿಯಿಂದ, "ಆ ಗುಣಿಸು ಗುರುತೂ ಒರಸು ಹಂಗ" ಎಂದರು. ಒರೆಸಲಿಲ್ಲ.

ತಿರುಗಿ ಬಂದಾಗ ಆಯಿ ಉಳಿದ ಅನ್ನವನ್ನು ಉಣ್ಣುತ್ತಿದ್ದಳು. "ಇದು ನಮ್ಮವ್ವಂದ," ಎಂದಳು ಯಾರೂ ಕೇಳದಿದ್ದರೂ. ಅವ್ವ ಬಾಗಿಲ ಮರೆಯಿಂದ ಒಳಗೆ ಬಂದು ನಿಂತಳು. ಮದುವೆಯಾಗಿ ಬಂದಂದಿನಿಂದ ಕೇಳಬೇಕಾಗಿದ್ದದ್ದನ್ನು ಆಗ ಕೇಳಿದಳು.

"ಹಂಗಾರ ಅತ್ತಿ, ಇಷ್ಟ ವರ್ಷ ನನಗ ಯಾಕ ಹೆಪ್ಪಿಗೆ ಕೈ ಹಚ್ಚಾಕ ಕೊಡಲಿಲ್ರಿ?"

ಆಯಿ ಬೆರಳು ನೆಕ್ಕುತ್ತ ಅವಳನ್ನೇ ನೋಡಿದಳು.

"ನೀ ಮುಶಿಗೇರ್‍ಯಾಕಿ. ಅಲ್ಲೂ ತೊಟ್ಟು ಹಾಕ್ತಾರ ಅಂತ ನನಗ ಗೊತ್ತಿತ್ತು. ದಿನಾ ಹೆಪ್ಪು ಹಾಕಿದ್ರ ನಿನ್ನ ಕೈ ಕಂಡ ಹಿಡೀತೈತಿ ಅಂತ ಆಗ ಅಂಜಿದ್ನಿ."

ಅವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು. ಆಯಿ ಪಕ್ಕದ ಮಣೆಯನ್ನು ಕಾಲಿನಿಂದ ಅವಳ ಕಡೆ ನೂಕಿ, "ಕುಂದರು, ಉಣ್ಣು" ಎಂದಳು. "ಸಂಜಿಗೆ ಹಾಲು ನೀ ಕಾಸು."